ಗಿರಣಿ ಊರಿಗೆ ಹೋದ ಪುಟಾಣಿ ಟರ್ಮಿನಲ್

ಮಕ್ಕಳ ಮನೆಗೆ ಅಮೆರಿಕಕ್ಕೆ ಬಂದವರನ್ನು ಸಾಮಾನ್ಯವಾಗಿ ನಯಾಗರಕ್ಕೆ ಕರಕೊಂಡು ಹೋಗ್ತಾರೆ. ನನ್ನ ಮೊಮ್ಮಗ ನನ್ನನ್ನು ಕರೆದೊಯ್ದದ್ದು ಬಾಸ್ಟನ್ನಿನ ಪಶ್ಚಿಮಕ್ಕಿರುವ ಮೇನಾರ್ಡ್ ಎಂಬ ಸಣ್ಣ ಊರಿಗೆ. ಅವನ ತೊಡೆಯ ಮೇಲೊಂದು ಚಪ್ಪಲಿ ಡಬ್ಬಿ. ಅದರೊಳಗೆ ಅವನೇ ಮಾಡಿದ ಪುಟಾಣಿ ಕಂಪ್ಯೂಟರ್ ಟರ್ಮಿನಲ್. 'ಅಜ್ಜಿ, ಇದನ್ನ ಇದರ ತವರುಮನೆ ಮುಂದೆ ಇಟ್ಟು ಫೋಟೊ ತೆಗೀಬೇಕು' ಅಂದ.

ತವರುಮನೆ ಎಂದರೆ ಅಸಾಬೆಟ್ ನದಿಯ ಪಕ್ಕದ ಹಳೇ ಉಣ್ಣೆ ಗಿರಣಿ. ಉದ್ದಕ್ಕೂ ಕೆಂಪು ಇಟ್ಟಿಗೆ ಕಟ್ಟಡಗಳು, ಎದುರಿಗೆ ಕೆರೆಯಂಥ ನೀರು, ಗೋಪುರದಲ್ಲಿ 1892ರ ಗಡಿಯಾರ. 1957ರಲ್ಲಿ ಕೆನ್ ಓಲ್ಸನ್, ಹಾರ್ಲನ್ ಆಂಡರ್ಸನ್ ಎಂಬಿಬ್ಬರು ಇಲ್ಲೇ ಸ್ವಲ್ಪ ಜಾಗ ಬಾಡಿಗೆಗೆ ಹಿಡಿದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಶುರುಮಾಡಿದರು. ಕೊನೆಗೆ ಗಿರಣಿಯೇ ಅವರದಾಯಿತು. 1998ರಲ್ಲಿ ಆ ಕಂಪನಿ ಕಾಂಪ್ಯಾಕ್‌ಗೆ ಮಾರಾಟವಾಯಿತು. ಗಿರಣಿಯಲ್ಲಿ ಈಗ ಬೇರೆ ಬೇರೆ ಕಚೇರಿಗಳಿವೆ.

1978ರಲ್ಲಿ ಅವರು ತಂದ ಟರ್ಮಿನಲ್ಲೇ ವಿಟಿ100. ಬೇರೆ ಕೋಣೆಯ ದೊಡ್ಡ ಕಂಪ್ಯೂಟರಿಗೆ ಅದು ಕಣ್ಣು, ಕೈ ಇದ್ದ ಹಾಗೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಕಚೇರಿಯೊಂದರಲ್ಲಿ ನಾನು ಅದರ ಮುಂದೆ ನಾಲ್ಕು ವರ್ಷ ಕೂತಿದ್ದೆ. ಅತ್ತೆಯವರು ಹಾಸಿಗೆ ಹಿಡಿದರು, ಮಗಳು ಚಿಕ್ಕವಳು, ಕೆಲಸ ಬಿಟ್ಟೆ. ಮನೆಯಲ್ಲಿ ಆಮೇಲೆ ಅದರ ಮಾತೇ ಬರಲಿಲ್ಲ. ಈಗ ಎಲ್ಲರೂ ನನಗೆ ಫೋನ್ ಒತ್ತೋದು ಹೇಳಿಕೊಡುತ್ತಾರೆ!

ಮೂಲದ ಪರದೆ 12 ಇಂಚು, ಮೊಮ್ಮಗನದು ಮೂರೂವರೆ. ಅದೇ ಅಳತೆಗೆ ಇಡೀ ಪೆಟ್ಟಿಗೆ ಕುಗ್ಗಿಸಿ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದ. ಗಾಳಿಯಾಡುವ ಸೀಳುಗಳ ಪಟ್ಟಿಗಳು ಎರಡು ಸಲ ಮುರಿದವು. ಮೂರನೇ ಸಲ ಅವನ್ನು ಮಾತ್ರ ದಪ್ಪ ಮಾಡಿದ. ಕೀಲಿಗಳು ಅಕ್ಕಿಕಾಳಿನಷ್ಟಾದವು, ಬೆರಳಿಗೆ ಸಿಗವು. ಅದಕ್ಕೇ ಅವು ಬರೀ ನೋಡಲಿಕ್ಕೆ; ಟೈಪ್ ಮಾಡಲು ಬೇರೆ ಕೀಲಿಮಣೆ. ಒಳಗಿರುವುದು ರಾಸ್ಪ್‌ಬೆರಿ ಪೈ. ಪರದೆಯ ಅಡ್ಡಕ್ಕೆ 640 ಚುಕ್ಕಿ, ಸಾಲಿಗೆ 80 ಅಕ್ಷರ. ಒಂದಕ್ಕೆ ಸರಿಯಾಗಿ 8 ಚುಕ್ಕಿ.

ಮೊದಲ ಸಲ ಅದನ್ನು ಹೊತ್ತಿಸಿದ ದಿನ ಅಕ್ಷರಗಳು ಹಸಿರಾಗಿ ಬಂದವು, ಸಿನಿಮಾದಲ್ಲಿ ಬರುವ ಹಾಗೆ. ನಾನು ಪಲ್ಯಕ್ಕೆ ಬೀನ್ಸ್ ಹೆಚ್ಚುತ್ತಾ ಕೂತವಳು, 'ನಾನು ಕೂತಿದ್ದು ಬಿಳಿ ಕಣಪ್ಪ. ಕೀಲಿ ಒತ್ತಿದರೆ ಟಿಕ್ ಅನ್ನೋದು. ಮೇಲ್ಗಡೆ ಸಾಲಾಗಿ ಏಳು ಕೆಂಪು ದೀಪ ಇದ್ವು' ಅಂದೆ. ಅವನು ನನ್ನನ್ನೇ ನೋಡಿದ. 'ಅಜ್ಜಿ, ನಿಂಗೆ ಹೇಗೆ ಗೊತ್ತು?' ಆಮೇಲೆ ಒಂದು ವಾರ ಪ್ರತಿಯೊಂದಕ್ಕೂ ನನ್ನನ್ನೇ ಕೇಳಿದ. ಟಿಕ್ ಸದ್ದಿಗೆ ಸಣ್ಣ ಸ್ಪೀಕರ್ ಕೂರಿಸಿದ. 'ಇಷ್ಟು ಜೋರಿಲ್ಲ' ಅಂತ ನಾಲ್ಕು ಸಲ ತಗ್ಗಿಸಿದೆ.

ಗಿರಣಿಯೆದುರಿನ ಕಟ್ಟೆಯ ಮೇಲೆ ಅದನ್ನಿಟ್ಟು, ಹಿಂದೆ ಗಡಿಯಾರ ಬರುವ ಹಾಗೆ ಅವನು ಫೋಟೊ ತೆಗೆಯುತ್ತಿದ್ದ. ಮಗಳು ಪಕ್ಕ ಬಂದು ನಿಂತಳು. 'ಅಮ್ಮಾ, ಕೆಲಸ ಬಿಟ್ಟಾಗ ನಿಂಗೆ ಬೇಜಾರಾಗಿತ್ತಾ?'

'ಇಲ್ಲಪ್ಪ' ಅನ್ನೋದು ಇಷ್ಟು ವರ್ಷದ ಅಭ್ಯಾಸ. ನಾಲಿಗೆಗೂ ಬಂತು. 'ಆಗಿತ್ತು ಕಣೇ, ತುಂಬಾನೇ' ಅಂದೆ. ಅವಳು ಏನೂ ಹೇಳಲಿಲ್ಲ, ಕೈ ಹಿಡಕೊಂಡಳು.

'ಅಜ್ಜಿ, ನೀವೂ ಇದರ ಜೊತೆ ನಿಂತ್ಕೊಳ್ಳಿ' ಎಂದು ಮೊಮ್ಮಗ ಕರೆದ. ಸೆರಗು ಸರಿಮಾಡಿಕೊಂಡು ಹೋಗಿ ನಿಂತೆ.