ಕೆಂಪೆಣ್ಣೆ ಕಪ್ಪಾದ ಮೇಲೆ

ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಎಣ್ಣೆ ಬದಲಿಸಬೇಡಿ ಅಂತ ನನಗೆ ಹೇಳಿದವರು ನಾಲ್ಕು ಜನ. ಶ್ರೀರಂಗಪಟ್ಟಣದ ಟೈರ್ ಅಂಗಡಿಯವರು, ಪಾಂಡವಪುರದ ಬ್ಯಾಟರಿಯವರು, ಮೈಸೂರಿನ ಒಂದು ಸರ್ವಿಸ್ ಸೆಂಟರಿನ ಹುಡುಗ, ಕೊನೆಗೆ ನಮ್ಮ ಮಾವ. ನಾಲ್ವರದ್ದೂ ಒಂದೇ ಮಾತು: "ಇಷ್ಟು ಓಡಿರೋ ಗಾಡಿಗೆ ಹೊಸ ಎಣ್ಣೆ ಹಾಕಿದ್ರೆ ಗೇರ್‌ಬಾಕ್ಸ್ ಹೊಂಟೋಯ್ತದೆ." ಬೇರೆ ಬೇರೆ ಊರಿನ ನಾಲ್ಕು ಜನ ಒಂದೇ ಮಾತು ಹೇಳಿದರೆ ಡೆಸ್ಕ್‌ನವರು ಸುದ್ದಿ ಹಾಕಿಬಿಡುತ್ತಾರೆ. ನಾನು ಮಾತ್ರ ತಡೆದೆ. ಯಾಕೆಂದರೆ ನಾಲ್ವರಲ್ಲಿ ಒಬ್ಬರೂ ಆ ಎಣ್ಣೆ ಬದಲಿಸಿ ನೋಡಿದವರಲ್ಲ.

ನನ್ನದು 2012ರ ಹ್ಯುಂಡೈ ಐ10. ಮೀಟರ್‌ನಲ್ಲಿ 1,64,000 ಕಿ.ಮೀ. ಸ್ಟ್ರಿಂಗರ್‌ಗೆ ಆಟೊಮ್ಯಾಟಿಕ್ ಶೋಕಿ ಬೇರೆ ಕೇಡು ಅಂತ ಗೆಳೆಯರು ನಗುತ್ತಾರೆ. ಶೋಕಿಯಲ್ಲ, ಮಾರಾಯ್ರೆ. ಮೂರು ವರ್ಷದ ಹಿಂದೆ ನಾಗಮಂಗಲದ ಕಡೆ ರಸ್ತೆಯಲ್ಲಿ ಒಕ್ಕಣೆಗೆ ಹರಡಿದ್ದ ಹುರುಳಿ ಮೇಲೆ ಬೈಕ್ ಜಾರಿ ಎಡಮಂಡಿಯ ಲಿಗಮೆಂಟ್ ಹರಿಯಿತು. ಇನ್ನು ಕ್ಲಚ್ ತುಳಿಯಬೇಡಿ ಅಂದರು ಡಾಕ್ಟರು. ಹಳೇ ಆಟೊಮ್ಯಾಟಿಕ್ ಅಂದರೆ ನಮ್ಮ ಕಡೆ ಯಾರೂ ಮೂಸಿ ನೋಡಲ್ಲ, ಹಾಗಾಗಿ ಅಗ್ಗಕ್ಕೆ ಸಿಕ್ಕಿತು. ಈಗ ಕಾರು ನಿಂತರೆ ನಾಲ್ಕು ತಾಲ್ಲೂಕು ಸುತ್ತುವುದು ನಿಲ್ಲುತ್ತದೆ. ಸುದ್ದಿ ಅಚ್ಚಾದರಷ್ಟೇ ನನಗೆ ಕಾಸು. ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿಸಲು 70,000 ಆಗಬಹುದು ಅಂದಿದ್ದರು. ಆ ದುಡ್ಡು ನನ್ನ ಹತ್ತಿರ ಇಲ್ಲ.

ಗೇರ್ ಜಾರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಡಿ ಗೆ ಹಾಕಿದರೆ ಒಂದು ಕ್ಷಣ ಯೋಚನೆ ಮಾಡಿ ಮುಂದೆ ಹೋಗುತ್ತಿತ್ತು. ಮೇಲುಕೋಟೆ ಏರಿನಲ್ಲಿ ಗೇರ್ ಬದಲಾಗುವಾಗ ಬೆನ್ನಿಗೆ ಯಾರೋ ಗುದ್ದಿದ ಹಾಗೆ. ರಾತ್ರಿ ಹೊತ್ತು ವಿ.ಸಿ. ನಾಲೆ ಏರಿ ಮೇಲೆ ಎದುರಿಗೆ ಲಾರಿ ಬಂದಾಗ ಹೀಗಾದರೆ ಸರಿಯಿರಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಅದೇ ನಾಲೆಗೆ ಉರುಳಿ 30 ಜನ ಹೋದರು. ಆ ದಾರಿಯಲ್ಲಿ ನಾನು ಇವತ್ತಿಗೂ ನಿಧಾನ.

ಕೊನೆಗೆ ವಿಷಯ ಬಿಡಿಸಿ ಹೇಳಿದ್ದು ಕೆ.ಆರ್.ಪೇಟೆಯ ಒಬ್ಬ ಮೆಕ್ಯಾನಿಕ್. ಬೆಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ವಾಪಸ್ಸಾದವರು. "ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನ ಆನ್ ಮಾಡಿ ಸಾ. ಇನ್ನೊಂದು ಗಾಳಿಗೇ ತಿರುಗ್ತದೆ ಅಲ್ವಾ? ಇದರೊಳಗೆ ಗಾಳಿ ಬದ್ಲು ಎಣ್ಣೆ, ಅಷ್ಟೇಯ." ಇಂಜಿನ್ನಿನ ಬಲವನ್ನು ದಾಟಿಸುವುದೂ ಆ ಎಣ್ಣೆ, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿಹಿಡಿಯುವುದೂ ಅದೇ, ಬಿಸಿ ಹೊರುವುದೂ ಅದೇ. ಸ್ಪೀಡಿನಲ್ಲಿ ಹೋಗುವಾಗ ಅಷ್ಟು ಕಷ್ಟವಿಲ್ಲ. ತೆವಳುವಾಗ ಎರಡು ಫ್ಯಾನಿನ ವೇಗ ಹೊಂದದೆ ಎಣ್ಣೆ ಸುಮ್ಮನೆ ಕಡೆದು ಕಾಯುತ್ತದೆ.

ನಮ್ಮ ಜಿಲ್ಲೆಯಲ್ಲಿ ತೆವಳುವುದಕ್ಕೇನು ಬರ? ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರ ದಾಟುವುದೆಂದರೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಮೆರವಣಿಗೆ. 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಎಕ್ಸ್‌ಪ್ರೆಸ್‌ವೇಗೆ ಬಿಡುತ್ತಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲಿ. ಟೋಲ್ ಉಳಿಸಲು ಹೋಗುವ ನನ್ನಂಥವರೂ ಅಲ್ಲೇ.

ಹಾಗಾದರೆ ಹೊಸ ಎಣ್ಣೆ ಹಾಕಿ ಗೇರ್‌ಬಾಕ್ಸ್ ಹೋದವರ ಕಥೆ ಸುಳ್ಳಾ? ಸುಳ್ಳಲ್ಲ. "ಗೇರ್ ಜಾರೋಕೆ ಶುರುವಾದ ಮೇಲೆ ಬತ್ತಾರೆ ಸಾ. ಪ್ಲೇಟ್ ಆಗಲೇ ಸವೆದೋಗಿರ್ತವೆ. ಎಣ್ಣೆ ಬದಲಿಸಿ ತಿಂಗಳಿಗೆ ಗಾಡಿ ನಿಂತರೆ ಎಣ್ಣೆ ಮೇಲೆ ಹಾಕ್ತಾರೆ" ಅಂದರು ಆತ. ಸಾಯುವ ಹಿಂದಿನ ದಿನ ಆಸ್ಪತ್ರೆಗೆ ಸೇರಿಸಿ ಡಾಕ್ಟರನ್ನು ಬೈಯುವ ಹಾಗೆ. ಮಿಷನ್ ಹಾಕಿ ಜೋರಾಗಿ ತೊಳೆಸುವುದು ಮಾತ್ರ ಹಳೇ ಗಾಡಿಗೆ ಬೇಡ, ಒಳಗೆ ಕೂತ ಕೊಳೆ ಎದ್ದು ಸಣ್ಣ ದಾರಿಗಳಿಗೆ ಸಿಕ್ಕಿಕೊಳ್ಳಬಹುದು ಅಂತ ಎಚ್ಚರಿಸಿದರು.

ಎಣ್ಣೆ ಹುಡುಕುವುದೇ ಒಂದು ಕೆಲಸವಾಯಿತು. ಈ ಗೇರ್‌ಬಾಕ್ಸ್‌ಗೆ ಎಸ್‌ಪಿ-3 ದರ್ಜೆಯದೇ ಬೇಕು. ಮಂಡ್ಯದ ಅಂಗಡಿಯವರು "ಕೆಂಪೆಣ್ಣೆ ಎಲ್ಲಾ ಒಂದೇ ತಗಳಿ" ಅಂತ ಪವರ್ ಸ್ಟೀರಿಂಗ್ ಎಣ್ಣೆ ಮುಂದಿಟ್ಟರು. ಇನ್ನೊಬ್ಬರು ಮಾಮೂಲಿ ಗೇರ್ ಆಯಿಲ್ ಕೊಟ್ಟರು. ಅವರ ತಪ್ಪೂ ಪೂರ್ತಿ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮ ಕಡೆ ಆಟೊಮ್ಯಾಟಿಕ್ ಅಂದರೆ ಎಎಂಟಿ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸವನ್ನು ಮೋಟಾರು ಮಾಡುತ್ತದೆ, ಅಷ್ಟೇ. ಅದಕ್ಕೆ ಗೇರ್ ಆಯಿಲ್ ಸರಿ, ನನ್ನದಕ್ಕೆ ವಿಷ. ಕೊನೆಗೆ ಮೈಸೂರಿನಿಂದ ತರಿಸಿದೆ.

ಒಂದು ಭಾನುವಾರ ಕಿಕ್ಕೇರಿವರೆಗೆ ಓಡಿಸಿ ಬಿಸಿ ಮಾಡಿ ಕಾರನ್ನು ಸಮತಟ್ಟಾಗಿ ಎತ್ತಿ ನಟ್ಟು ಬಿಚ್ಚಿದರು. ಕೆಂಪಿರಬೇಕಾದದ್ದು ಹುಣಸೆ ರಸದ ಬಣ್ಣಕ್ಕೆ ತಿರುಗಿತ್ತು. ಮೂಸಿದರು. ಸುಟ್ಟ ವಾಸನೆ ಇರಲಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತ ಅದ್ದಿ ತೆಗೆದು ಬೆರಳಲ್ಲಿ ಉಜ್ಜಿದರು. ಪೆನ್ಸಿಲ್ ಸೀಸದಂಥ ನುಣ್ಣನೆ ಪುಡಿ. "ಚೂರು ಸಿಕ್ಕಿದ್ರೆ ಮುಚ್ಚಿ ಕಳಿಸ್ಬುಡ್ತಿದ್ದೆ. ಬದುಕ್ತದೆ ಬುಡಿ" ಅಂದರು. ನಾನು ಆ ಹೊತ್ತಿನವರೆಗೂ ಉಸಿರು ಹಿಡಿದಿದ್ದೆ.

ಒಳಗಿರುವುದು ಸುಮಾರು ಆರು ಲೀಟರ್. ಕೆಳಗಿಂದ ಬಿಟ್ಟರೆ ಮೂರರ ಹತ್ತಿರ ಇಳಿಯುತ್ತದೆ, ಉಳಿದದ್ದು ಆ ಫ್ಯಾನುಗಳಿರುವ ಡಬ್ಬಿಯಲ್ಲೇ. ಆದ್ದರಿಂದ ಇಳಿದಷ್ಟನ್ನು ಅಳೆದು ಅಷ್ಟೇ ಹಾಕಿ 500 ಕಿ.ಮೀ. ಓಡಿಸಿ ಮತ್ತೆ ಅದೇ. ಮೊದಲ ಸಲಕ್ಕೆ ಅರ್ಧ ಹೊಸದು, ಎರಡನೇ ಸಲಕ್ಕೆ ಮುಕ್ಕಾಲು, ಮೂರನೇ ಸಲಕ್ಕೆ ಎಂಟರಲ್ಲಿ ಏಳು ಪಾಲು. ಗಡ್ಡಿ ಅದ್ದಿ ಮಟ್ಟ ನೋಡುವುದು ಇಂಜಿನ್ ಬಿಸಿಯಾಗಿ ಓಡುತ್ತಿರುವಾಗ. ಇಂಜಿನ್ ಎಣ್ಣೆಗೆ ಮಾಡುವ ಹಾಗೆ ಆಫ್ ಮಾಡಿ ನೋಡಿದರೆ ಲೆಕ್ಕ ತಪ್ಪುತ್ತದೆ.

ಉಳಿದ ಸರ್ವಿಸ್ ಮಾಮೂಲಿ: ಇಂಜಿನ್ ಎಣ್ಣೆ, ಕೂಲೆಂಟ್, ಬ್ರೇಕ್ ಎಣ್ಣೆ, ನಮ್ಮ ಗುಂಡಿಗಳು ತಿಂದ ಬುಷ್‌ಗಳು. ಕಾರಿನ ಹೊಟ್ಟೆಗೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯೂ ಒಂದು ಹಿಡಿ ಸಿಕ್ಕಿತು. ಸೈಲೆನ್ಸರ್‌ಗೆ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಒಕ್ಕಣೆ ಕಾಲದಲ್ಲಿ ಕಾರು ಇಟ್ಟಿರುವವರು ವಾರಕ್ಕೊಮ್ಮೆ ಬಗ್ಗಿ ನೋಡಿ.

ಹಳೇ ಎಣ್ಣೆಯನ್ನು ಮೋರಿಗೆ ಬಿಡದೆ ಕ್ಯಾನಿಗೆ ತುಂಬಿಟ್ಟರು. ಪಕ್ಕದ ಮನೆ ಅಜ್ಜ ಗೆದ್ದಲಿಗೆ ಬಾಗಿಲವಾಡಕ್ಕೆ ಬಳಿಯಲು ಒಂದು ಬಾಟ್ಲಿ ಕೇಳಿ ಒಯ್ದರು. ಮೂರು ಸಲಕ್ಕೂ ಸೇರಿ 8,000 ಆಗುತ್ತದೆ ಅಂದಿದ್ದಾರೆ. ಎರಡು ಸಲ ಮುಗಿದಿದೆ. ಬೆಳಗಿನ ಆ ತಡವರಿಕೆ ಹೋಗಿದೆ, ಮೇಲುಕೋಟೆ ಏರಿನ ಗುದ್ದು ಇನ್ನೂ ಚೂರು ಇದೆ. ಮೂರನೆಯದನ್ನು ವೈರಮುಡಿ ಓಡಾಟ ಮುಗಿದ ಮೇಲೆ ಮಾಡಿಸಬೇಕು. ಮಾವ ಬಂದಾಗಲೆಲ್ಲ "ಇನ್ನೂ ಓಡ್ತಾ ಇದೆಯೇನಪ್ಪ?" ಅಂತ ಕೇಳುತ್ತಾರೆ.