ಅವರೆ ಹಿತಕುವ ಹೊತ್ತು

ಮಾಗಿಯ ಚಳಿ ಹಿಂದೆಗೆಯುವ ಮುನ್ನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಹಲಸೂರಿನ ತಳ್ಳುಗಾಡಿಗಳವರೆಗೆ ಅವರೆಕಾಯಿಯದೇ ಸೊಗಡು. ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವಂಥದು. ‘ಹೆಬ್ಬಾಳ ಅವರೆ’ಯಂಥ ಹೊಸ ತಳಿಗಳು ವರ್ಷವಿಡೀ ಫಲಿಸಿದರೂ ಈ ಸೊಗಡು ಮಾಗಿಗೇ ಮೀಸಲು.

ಊಟವಾದ ಮೇಲೆ ನೆನೆದ ಕಾಳಿನ ಬೋಗುಣಿಯ ಸುತ್ತ ನಾವೆಲ್ಲರೂ ಹಿತಕಲು ಕೂರುತ್ತೇವೆ. ಬೆರಳ ಸಂದಿನಿಂದ ಕಾಳು ಚಿಮ್ಮಿದರೆ ಮಗಳಿಗೆ ನಗು. ಎಂಟು ವರ್ಷದ ಮಗ ಮಾತ್ರ ಶಾಲೆಯ ಸುದ್ದಿ ಕೇಳಿದರೆ ಮೌನಿ. ಮೊನ್ನೆ ಕಾಳಿನ ಮೇಲೇ ಕಣ್ಣಿಟ್ಟು, “ಅಪ್ಪಾ, ಓದುವಾಗ ನಾಲಿಗೆ ತೊಡರುತ್ತೆ. ಎಲ್ಲರೂ ನಗ್ತಾರೆ,” ಎಂದ. ನಾನೂ ನನ್ನಾಕೆಯೂ ತಲೆಯೆತ್ತಲಿಲ್ಲ. “ಆಮೇಲೆ?” ಎಂದೆ, ಹಿತಕುತ್ತಲೇ. ಅವನು ಎಲ್ಲವನ್ನೂ ಹೇಳಿದ.

ಎದುರಿಗೆ ನಿಲ್ಲಿಸಿ ಕೇಳಿದರೆ ಮಕ್ಕಳಿಗೆ ಅದು ವಿಚಾರಣೆ. ಕೈಗೆ ಕೆಲಸವಿದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ. ಶಿವರಾತ್ರಿ ಬರುವುದರೊಳಗೆ ಅವರೆ ತನ್ನಿ, ವಾಚಕರೇ. ಹಿತಕಿಟ್ಟ ಪೊಟ್ಟಣ ಬೇಡ.