ದಾಸವಾಳಕ್ಕೂ ಉಸಿರು ಬೇಕು

ಕಲಬುರಗಿ ಅಂದರೆ ಬಿಸಿಲು. ಇಲ್ಲಿ ಚಳಿಗಾಲದಲ್ಲಿ ಗಿಡ ಸಾಯ್ತದೆ ಅಂದರೆ ಹಾಸ್ಟೆಲ್‌ನಲ್ಲಿ ಯಾರೂ ನಂಬಲ್ಲ. ಸಾಯ್ತದೆ, ಆದರೆ ಚಳಿಗಲ್ಲ, ನೀರಿಗೆ.

ಮೊಣಕಾಲು ನೋವು ಜಾಸ್ತಿಯಾದ ಮೇಲೆ ನಮ್ಮ ಆಯಿ ಕಮಲಾಪುರದ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲಿಕ್ಕೆ ಬಂದಳು. ತಂದಿದ್ದು ಎರಡು ಟ್ರಂಕು, ಒಂದು ದಾಸವಾಳದ ಗಿಡ. ಡಿಸೆಂಬರ್ ಹೊತ್ತಿಗೆ ಅದರ ಎಲೆ ಹಳದಿಯಾದವು, ಮೊಗ್ಗು ಅರಳದೇ ಬಿದ್ದವು. ಅವ್ವ "ಥಂಡಿಗೆ ಹಿಂಗಾಗ್ಯಾದ" ಅಂದಳು. ಅಪ್ಪ ದಿನಾ ಒಂದು ಬಕೆಟ್ ನೀರು ಹಾಕಿದರು. ಆಯಿ ಮಾತ್ರ ಸುಮ್ಮನೆ ಬಿದ್ದ ಮೊಗ್ಗು ಆರಿಸಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ಅದನ್ನು ನೋಡೋದೇ ಕಷ್ಟ ಆಗ್ತಿತ್ತು.

ನಾನು ಸಿವಿಲ್ ಓದೋನು. ನಮ್ಮ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಇರುತ್ತದೆ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇಲ್ಲಿನ ಗೋಡೆಗಳು ಸೀಳೋದಕ್ಕೂ ಅದೇ ಕಾರಣ. ಉಬ್ಬಿ ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಜಾಗ ಇರಲ್ಲ. ಆಮ್ಲಜನಕ ಸಿಗದ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯಲ್ಲ. ಗಿಡ ಬಾಯಾರಿದ ಹಾಗೆ ಕಾಣುತ್ತದೆ, ನಾವು ಇನ್ನೂ ನೀರು ಸುರೀತೀವಿ! ಬೇಸಿಗೆಯಲ್ಲಾದರೆ ಬಿಸಿಲೇ ಕಾಪಾಡುತ್ತದೆ. ಚಳಿಗಾಲದಲ್ಲಿ ಗಿಡ ಕುಡಿಯೋದೂ ಕಡಿಮೆ, ನೆಲ ಆರೋದೂ ನಿಧಾನ.

ಗಿಡದ ಪಕ್ಕ ಒಂದಡಿ ಗುಂಡಿ ತೋಡಿ ನೀರು ತುಂಬಿಸಿದೆ. ಮರುದಿನವೂ ನೀರು ಹಾಗೇ ನಿಂತಿತ್ತು. ಆಯಿಗೆ ತೋರಿಸಿದೆ. "ನಮ್ಮ ಅಂಗಳ ಮುರುಮಿಂದು, ನೀರು ನಿಲ್ಲಂಗಿಲ್ಲ. ಹೊಲದಾಗ ನೀರು ನಿಂತ್ರ ತೊಗರಿನೇ ಉಳ್ಯಂಗಿಲ್ಲ, ಇದು ಹ್ಯಾಂಗ ಉಳೀತದ?" ಅಂದಳು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ಎರೆಭೂಮಿಗೆ ಹೇಳಿದ ಉಪಾಯವೂ ಇದೇ ಲೆಕ್ಕದ್ದು: ಅಗಲವಾದ ಏರುಮಡಿಯ ಮೇಲೆ ಬೆಳೆ, ನಡುವೆ ನೀರು ಹರಿಯಲಿಕ್ಕೆ ಕಾಲುವೆ.

ಭಾನುವಾರ ಗಿಡವನ್ನು ಮಣ್ಣುಸಮೇತ ಎತ್ತಿ, ಕೊಳೆತ ಕರಿ ಬೇರು ಕತ್ತರಿಸಿ, ನೆಲದ ಮೇಲೆ ಒಂದಡಿ ದಿಬ್ಬ ಮಾಡಿ ನೆಟ್ಟೆವು. ದಿಬ್ಬಕ್ಕೆ ಮುರುಮು, ಮಣ್ಣು, ಹಳೇ ತಿಪ್ಪೆಗೊಬ್ಬರ. ಗುಂಡಿ ತೋಡಿ ಮರಳು ತುಂಬಿದರೆ ಉಪಯೋಗ ಇಲ್ಲ. ಸುತ್ತ ಎರೆಮಣ್ಣು ಇರೋದರಿಂದ ಅದು ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ. ನೀರು ಹಾಕೋ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಹಸಿ ಹತ್ತಿದರೆ ಆ ದಿನ ನೀರು ಬೇಡ. ಚಿಗುರು ಬರೋವರೆಗೆ ಗೊಬ್ಬರವೂ ಬೇಡ.

ಒಂದು ಕೊಂಬೆ ಉಳಿಯಲಿಲ್ಲ. ಫೆಬ್ರವರಿಯಲ್ಲಿ ಬುಡದ ಹತ್ತಿರ ಮೂರು ಚಿಗುರು ಬಂದವು. ಬಕೆಟ್ ಈಗ ಆಯಿಯ ವಶದಲ್ಲಿದೆ. ಕೇಳದೇ ಅಪ್ಪನೂ ಮುಟ್ಟೋ ಹಾಗಿಲ್ಲ.